ಬಿಸಿಲಲ್ಲಿ ಬಿದ್ದ ಇಪ್ಪತ್ಮೂರು ಮಿಲಿಮೀಟರ್ ಮಳೆ

ಅದು 2006ನೇ ಇಸವಿ, ಎಳ್ಳ ಅಮವಾಸ್ಯೆಯ ಸಮಯ. ಆಗ ನಾನು ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಹಿಂದೆ ರೇಡಿಯೋ, ಟೇಪು, ಟಿವಿ ರಿಪೇರಿ ಮಾಡುವ ಒಂದು ಅಂಗಡಿ ಇಟ್ಟುಕೊಂಡಿದ್ದೆ. ಅಂಗಡಿ ಸಣ್ಣದು, ಸಿಟ್ಟು ದೊಡ್ಡದು. ಬಿಚ್ಚಿಟ್ಟ ಸೆಟ್ಟಿನ ಮೇಲೆ ಯಾರಾದರೂ ಬೆರಳಿಟ್ಟರೆ ಸಾಕು, ಅವರು ಎಂಥ ದೊಡ್ಡವರು ಎಂದು ನೋಡದೆ ರೇಗಿಬಿಡುತ್ತಿದ್ದೆ. "ಮೆಹಬೂಬನ ಕೈ ಛಲೋ ಐತಿ, ಬಾಯಿ ಅಷ್ಟ ಸುಮಾರ" ಎಂದು ಊರೆಲ್ಲ ಹೇಳುತ್ತಿದ್ದರು. ಕೈಗೆ ಸಿಕ್ಕ ಹೊಗಳಿಕೆಯನ್ನಷ್ಟೇ ಕಿವಿಗೆ ಹಾಕಿಕೊಂಡು ನಾನು ಹಾಯಾಗಿದ್ದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಮೇಡಂ ಜೀಪಿನಿಂದ ಇಳಿದು ಅಂಗಡಿಗೆ ಬಂದರು. ಹೆಸರು ವಸುಧಾ. ಮೈಸೂರಿನ ಕಡೆಯವರು, ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ವಿಜ್ಞಾನಿ. ಕೈಯಲ್ಲಿ ತಂತಿ ಕಿತ್ತುಹೋದ ಒಂದು ಪೆಟ್ಟಿಗೆ. "ಇದನ್ನ ಬೆಸುಗೆ ಹಾಕಿಕೊಡ್ತೀರಾ? ಬಹಳ ನಾಜೂಕಿನ ಕೆಲಸ" ಎಂದರು. ಚಹಾ ಬಂದು ಆರುವುದರೊಳಗೆ ನಾನು ಬೆಸುಗೆ ಹಾಕಿಕೊಟ್ಟೆ. ಅವರು ಭೂತಗನ್ನಡಿ ಹಿಡಿದು ನೋಡಿದರು, ನನ್ನ ಮುಖವನ್ನೂ ನೋಡಿದರು, ಆಮೇಲೆ ಬೆಂಚಿನ ಮೇಲೆ ಕೂತು ತಮ್ಮ ಕೆಲಸದ ಬಗ್ಗೆ ಹೇಳತೊಡಗಿದರು.

ಇಂಗಳೇಶ್ವರದ ಆಚೆ ಅರಣ್ಯ ಇಲಾಖೆಯವರು ಕಾಯ್ದಿಟ್ಟ ಒಂದು ಹುಲ್ಲುಗಾವಲಿದೆ. ಅಲ್ಲಿ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಓಡಾಡುತ್ತವೆ, ನರಿ, ಮೊಲ, ಒಮ್ಮೊಮ್ಮೆ ತೋಳ. ಮನುಷ್ಯರು ಹೋಗಿ ಕೂತು ಕಾಯದೆ ಅವುಗಳ ಓಡಾಟವನ್ನೂ ಅಲ್ಲಿನ ಬಿಸಿಲು ಮಳೆಯನ್ನೂ ಯಂತ್ರಗಳಿಂದಲೇ ತಿಳಿಯುವುದು ಅವರ ಯೋಜನೆ. ಒಟ್ಟು ಐದು ಕಂಬ. ನಾಲ್ಕು ಗಿಡ್ಡ ಕಂಬಗಳ ಪೆಟ್ಟಿಗೆಗಳು ಮಣ್ಣಿನ ತೇವ ನೋಡುತ್ತಿದ್ದವು, ಎದುರಿಗೆ ಏನಾದರೂ ಹಾದುಹೋದರೆ ಒಂದು ಎಂದು ಎಣಿಸಿಕೊಳ್ಳುತ್ತಿದ್ದವು. ಐದನೆಯದು ಎತ್ತರದ್ದು. ಅದರ ತಲೆಯ ಮೇಲೆ ಸೋಲಾರ್ ಹಲಗೆ, ಸೊಂಟದ ಪಕ್ಕದಲ್ಲಿ ಮಳೆ ಅಳೆಯುವ ಡಬ್ಬಿ, ಒಳಗೊಂದು ಮೊಬೈಲ್ ಸಿಮ್ಮು. ಉಳಿದ ನಾಲ್ಕೂ ತಂತಿಯಿಲ್ಲದೆ ಗಾಳಿಯಲ್ಲೇ ತಮ್ಮ ಸುದ್ದಿಯನ್ನು ಇದಕ್ಕೆ ಮುಟ್ಟಿಸುತ್ತಿದ್ದವು. ಇದು ಗಂಟೆಗೊಮ್ಮೆ ಎಲ್ಲವನ್ನೂ ಸೇರಿಸಿ ಬೆಂಗಳೂರಿಗೆ ಮೆಸೇಜು ಕಳಿಸುತ್ತಿತ್ತು. ನನಗಂತೂ ಕೇಳಿಯೇ ಮೈ ಝುಮ್ಮೆಂದಿತು.

"ವಾರಕ್ಕೊಮ್ಮೆ ಹೋಗಿ ಧೂಳು ಒರೆಸಬೇಕು, ತಂತಿ ನೋಡಬೇಕು, ಯಾರೂ ಮುಟ್ಟದ ಹಾಗೆ ನೋಡ್ಕೋಬೇಕು. ಮಾಡ್ತೀರಾ ಮೆಹಬೂಬ್?" ಎಂದರು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ನಮ್ಮ ಸಾಹೇಬರಿಗೆ ಇಲ್ಲಿ ಕಂಬ ಹಾಕೋದು ಇಷ್ಟವೇ ಇರಲಿಲ್ಲ. ಬಯಲಿನಲ್ಲಿ ಏನಿದೆ ನೋಡೋಕೆ, ಘಟ್ಟದ ಕಾಡಿನಲ್ಲಿ ಹಾಕೋಣ ಅಂತಾರೆ. ನಾನೇ ಹಟ ಹಿಡಿದು ತಂದಿದ್ದೀನಿ. ಒಂದು ತಪ್ಪಾದರೂ ಕಿತ್ತುಕೊಂಡು ಹೋಗ್ತಾರೆ" ಎಂದರು. ಬಯಲಿನಲ್ಲಿ ಏನಿದೆ ಅಂದರೆ ಬಯಲಲ್ಲಿ ಹುಟ್ಟಿದವನಿಗೆ ಹೇಗಾಗಬೇಡ! ನಾನು ತಕ್ಷಣ ಒಪ್ಪಿಕೊಂಡೆ.

ಒಪ್ಪಿಕೊಂಡವನು ಮೊದಲು ಮಾಡಿದ ಕೆಲಸವೆಂದರೆ ಸುತ್ತಲಿನ ಹೊಲದವರನ್ನೆಲ್ಲ ಹೆದರಿಸಿದ್ದು. ಮೊಬೈಲಿನ ಸಿಗ್ನಲ್ಲು ಛಲೋ ಸಿಗುತ್ತಿದ್ದದ್ದು ಹುಲ್ಲುಗಾವಲಿನ ಅಂಚಿನ ಏರಿನ ಮೇಲೆ ಮಾತ್ರ. ಹಾಗಾಗಿ ದೊಡ್ಡ ಕಂಬ ನೀಲವ್ವಾಯಿಯ ಜೋಳದ ಹೊಲದ ಬದುವಿಗೆ ಹತ್ತಿಕೊಂಡೇ ನಿಂತಿತ್ತು. ಆಳುಗಳು, ದನ ಕಾಯುವವರು ಬಂದು ಕೈಯಾಡಿಸಿಯಾರು ಎಂದು ನನಗೆ ಭಯ. ಒಂದು ದಿನ ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂಡಿಸಿ, "ನೋಡ್ರಿ, ಇದು ಸರಕಾರದ ಮಷಿನ್. ಯಾರು ಕೈ ಹಚ್ಚತಾರ ಅನ್ನೋದು ಆ ಕ್ಷಣಾನ ಬೆಂಗಳೂರಿಗೆ ತಿಳಿತೈತಿ. ಮರುದಿನ ಪೊಲೀಸ್ ಗಾಡಿ ಬಂದು ಎತ್ತಿ ಹಾಕ್ಕೊಂಡು ಹೊಕ್ಕಾರ. ಆಮ್ಯಾಲೆ ನನ್ನ ಹೆಸರು ಹೇಳಬ್ಯಾಡ್ರಿ" ಎಂದು ಬಿಟ್ಟೆ. ಪೊಲೀಸರ ಸುದ್ದಿ ಶುದ್ಧ ಸುಳ್ಳು. ಆದರೆ ಕೆಲಸ ಮಾಡಿತು. ಆವತ್ತಿನಿಂದ ದನಗಳನ್ನೂ ಆ ಕಂಬದಿಂದ ದೂರ ಹೊಡೆದುಕೊಂಡು ಹೋಗತೊಡಗಿದರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ನೀಲವ್ವಾಯಿಯ ಬಗ್ಗೆ ಎರಡು ಮಾತು ಹೇಳಬೇಕು. ವಯಸ್ಸು ಎಪ್ಪತ್ತರ ಹತ್ತಿರ. ನಾನು ಭಾನುವಾರ ಕಂಬ ಒರೆಸಲು ಹೋದಾಗಲೆಲ್ಲ ಕರೆದು ರೊಟ್ಟಿ ಕೊಡುವಳು. "ಅದರ ಮಾರಿ ಒರಸಾಕ ಬಾಗೇವಾಡಿಯಿಂದ ಬರ್ತಿ, ನಿನ್ನ ಮಾರಿ ನೋಡು, ಧೂಳ ಮೆತ್ತಿಕೊಂಡೈತಿ" ಎಂದು ಚೇಷ್ಟೆ ಮಾಡುವಳು. ಬೇಡವೆಂದರೂ ಗಂಟಿನಲ್ಲಿ ಶೇಂಗಾ ಕಟ್ಟಿ ಗಾಡಿಯ ಹ್ಯಾಂಡಲಿಗೆ ತೂಗುಬಿಡುವಳು. ನನ್ನ ತಾಯಿ ಬೇಗ ತೀರಿಕೊಂಡಿದ್ದರಿಂದಲೋ ಏನೋ, ಆ ಹೊಲದ ಬದುವಿನಲ್ಲಿ ಕೂತು ಅವಳ ಬೈಗುಳ ತಿನ್ನುವುದು ನನಗೆ ಹಬ್ಬದಂತೆ ಇತ್ತು.

ಎಳ್ಳ ಅಮವಾಸ್ಯೆಗೆ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಭರ್ತ, ಪುಂಡಿಪಲ್ಯ ಎಲ್ಲ ಬುಟ್ಟಿಯಲ್ಲಿ ಕಟ್ಟಿಕೊಂಡು ಹೋಗಿ, ಮೊದಲು ಭೂಮಿತಾಯಿಗೆ ಎಡೆ ತೋರಿಸಿ, ಹೊಲದ ಸುತ್ತ ಅಡುಗೆಯನ್ನು ಚೆಲ್ಲುತ್ತ ಬರುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಒಬ್ಬರು ಚೆಲ್ಲುತ್ತ ಮುಂದೆ, ಹಿಂದಿನಿಂದ ಒಬ್ಬರು ನೀರು ಚಿಮುಕಿಸುತ್ತ. ಆಮೇಲೆ ಗಿಡದ ಕೆಳಗೆ ಎಲ್ಲರ ಊಟ. ನೀಲವ್ವಾಯಿ ನನಗೂ ಹೇಳಿ ಕಳಿಸಿದ್ದಳು. ಆದರೆ ಮುದ್ದೇಬಿಹಾಳದವರೊಬ್ಬರು ಮದುವೆಗೆ ಬೇಕೆಂದು ಸುಟ್ಟುಹೋದ ಆಂಪ್ಲಿಫೈಯರ್ ತಂದು ಮುಂದಿಟ್ಟು ಕೂತಿದ್ದರು. ಹೋಗಲಾಗಲಿಲ್ಲ. ಸಂಜೆ ಅವಳ ಮಗ ಮಲ್ಲಪ್ಪ ಮೋಟಾರ್‌ಸೈಕಲ್ ಮೇಲೆ ನಾಲ್ಕು ಖಾನೆಯ ಡಬ್ಬಿ ತಂದು, "ಅವ್ವ ಕಳಿಸ್ಯಾಳಪಾ, ಎಲ್ಲಾ ಉಣ್ಣಬೇಕಂತ, ಬಿಟ್ಟರ ಬೈತಾಳಂತ" ಎಂದು ಕೊಟ್ಟು ಹೋದ. ಒಂದು ಹೋಳಿಗೆಯನ್ನೂ ಬಿಡದೆ ಉಂಡೆ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ವಸುಧಾ ಮೇಡಂ ಅವರ ಫೋನು.

"ಮೆಹಬೂಬ್, ನಿನ್ನೆ ಅಲ್ಲಿ ಮಳೆ ಬಂತಾ?"

"ಮಳಿ? ಡಿಸೆಂಬರಿನ್ಯಾಗ? ಬಿಸಿಲು ಚುರುಕ್ ಅಂತಿತ್ತರಿ ಮೇಡಂ!"

"ಮಧ್ಯಾಹ್ನ ಒಂದರಿಂದ ಎರಡರೊಳಗೆ ಇಪ್ಪತ್ಮೂರು ಮಿಲಿಮೀಟರ್ ಮಳೆ ಅಂತ ಬಂದಿದೆ. ಅದೇ ಹೊತ್ತಿನಲ್ಲಿ ಅಂಚಿನ ಗಿಡ್ಡ ಕಂಬದ ಮುಂದೆ ನೂರಾ ಹತ್ತು ಪ್ರಾಣಿ ಹಾದುಹೋಗಿವೆ ಅಂತಿದೆ."

ಚಿಗರಿಗಳು ಜೋಳಕ್ಕೆ ಇಳಿಯುವ ದಾರಿ ಅದು. ಒಂದು ದಿನಕ್ಕೆ ಎಂಟೋ ಹತ್ತೋ ಎಣಿಕೆಯಾಗುವ ಜಾಗದಲ್ಲಿ, ನಡುಮಧ್ಯಾಹ್ನ, ಒಂದು ಗಂಟೆಯಲ್ಲಿ ನೂರಾ ಹತ್ತು! ಮೇಡಂ ಅವರ ದನಿ ಸೋತಿತ್ತು. "ಸಾಹೇಬರು ನೋಡಿಬಿಟ್ಟರು. ಯಂತ್ರ ಕೆಟ್ಟಿದೆ, ಇಲ್ಲವೇ ಆ ರಿಪೇರಿಯವನು ಏನೋ ಕೈಯಾಡಿಸಿದ್ದಾನೆ ಅಂದ್ರು. ಶನಿವಾರ ಬಂದು ಕಂಬಗಳನ್ನ ಕಿತ್ತುಕೊಂಡು ಹೋಗೋದು ಅಂತಾಗಿದೆ. ನೀವು ಏನನ್ನೂ ಮುಟ್ಟಬೇಡಿ."

ಕೈಯಾಡಿಸಿದ್ದು ನಾನಂತೆ! ಅಂಗಡಿಯ ಬಾಗಿಲು ಹಾಕಿ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಲೇ ಹೋದೆ. ಹೋಗಿ ನೋಡಿದರೆ ಕಂಬದ ಬುಡದಲ್ಲಿ ಕಡಬಿನ ತುಣುಕು, ಭರ್ತದ ಮುದ್ದೆ, ಅದಕ್ಕೆ ಮುತ್ತಿದ ಇರುವೆ. ಬಗ್ಗಿ ಇಣುಕಿದರೆ ಮಳೆ ಅಳೆಯುವ ಡಬ್ಬಿಯ ಬಾಯಿಯ ಒಳಗೆ ಒಣಗಿದ ಬಿಳಿಯ ಕಲೆ. ಮೂಸಿ ನೋಡಿದೆ, ಮಜ್ಜಿಗೆ. ಎಷ್ಟೋ ವರ್ಷ ರೇಡಿಯೋಗಳೊಳಗಿಂದ ಜಿರಲೆ, ಹಲ್ಲಿಮೊಟ್ಟೆ ಎಲ್ಲ ತೆಗೆದಿದ್ದೇನೆ. ಮಜ್ಜಿಗೆ ಕುಡಿದ ಯಂತ್ರವನ್ನು ನೋಡಿದ್ದು ಅದೇ ಮೊದಲು.

ಯಾರೋ ಚರಗದ ಜೊತೆ ಇದಕ್ಕೂ ಒಂದು ಪಾಲು ಕೊಟ್ಟಿದ್ದಾರೆ ಎಂಬುದು ತಿಳಿಯಿತು. ಯಾರೆಂದು ಗೊತ್ತಾದರೆ ಅವರನ್ನೇ ಶನಿವಾರ ಸಾಹೇಬರ ಮುಂದೆ ನಿಲ್ಲಿಸಿ, ಯಂತ್ರ ಕೆಟ್ಟಿಲ್ಲ ಎಂದು ಹೇಳಿಸಬಹುದಿತ್ತು. ಸುತ್ತಲಿನ ಹೊಲದವರನ್ನೆಲ್ಲ ಕೇಳುತ್ತ ಹೋದೆ. ಒಬ್ಬರೂ ಬಾಯಿ ಬಿಡಲಿಲ್ಲ. ಒಬ್ಬ, "ನಾವು ಆ ದಿಕ್ಕಿಗೆ ಮಾರಿ ಸುದ್ದಾ ಮಾಡಿಲ್ಲಪಾ" ಎಂದ. ಇನ್ನೊಬ್ಬ, "ಕಾಗಿ ಕಚಕೊಂಡು ಬಂದು ಒಗದಿರಬೇಕು ನೋಡ್ರಿ" ಎಂದ. ಮಜ್ಜಿಗೆಯನ್ನೂ ಕಾಗೆಯೇ ತಂದು ಸುರಿಯಿತೇನೋ ಎಂದು ರೇಗಿದರೆ, "ಏನರೆ ಇರಲಿ, ನಮ್ಮ ಹೆಸರು ಬರಕೋಬ್ಯಾಡ್ರಿ" ಎಂದು ಕೈಮುಗಿದ. ಆಗ ನನಗೆ ಹೊಳೆಯಿತು. ಬಾಯಿಗೆ ಬೀಗ ಹಾಕಿದವನು ನಾನೇ. ಪೊಲೀಸ್ ಗಾಡಿ ಬರುತ್ತದೆ ಎಂದು ಹೆದರಿಸಿಟ್ಟ ಮೇಲೆ ಯಾರು ತಾನೇ ಹೌದು ಎಂದಾರು?

ನೀಲವ್ವಾಯಿಯ ಮನೆಗೂ ಹೋದೆ. ಮಲ್ಲಪ್ಪ ಬಾಗಿಲಲ್ಲೇ ನಿಂತು, "ಅವ್ವಗ ಆರಾಮಿಲ್ಲ, ಮಲಗ್ಯಾಳ" ಎಂದ. ಒಳಗಿನಿಂದ ಕೆಮ್ಮಿನ ಸದ್ದೂ ಇಲ್ಲ, ಬೈಗುಳವೂ ಇಲ್ಲ. ನನಗೆ ನನ್ನ ಚಿಂತೆಯೇ ಹಾಸಿ ಹೊದೆಯುವಷ್ಟಿತ್ತು, ಇನ್ನೊಂದು ಮಾತು ಕೇಳದೆ ತಿರುಗಿ ಬಂದೆ.

ಶನಿವಾರ ಹತ್ತು ಗಂಟೆಗೆ ಜೀಪು ಬಂತು. ಸಾಹೇಬರು ತೆಳ್ಳಗಿನ ಮನುಷ್ಯ, ತಲೆಗೆ ಬಟ್ಟೆಯ ಟೊಪ್ಪಿಗೆ, ಮಾತು ಕಡಿಮೆ. ನಾನು ಕಡಬು, ಮಜ್ಜಿಗೆಯ ಕತೆ ಹೇಳಿದೆ. ಅವರು ಡಬ್ಬಿಯ ಕಲೆ ನೋಡಿದರು. "ಮಜ್ಜಿಗೆ ಹಾಕಿರಬಹುದು. ಆದರೆ ಎಷ್ಟು ಹಾಕಿದರು, ಯಂತ್ರ ಎಷ್ಟು ಅಂತ ಬರೆಯಿತು, ಯಾರಿಗೆ ಗೊತ್ತು? ಎರಡು ಚಮಚ ಹಾಕಿದ್ದನ್ನ ಇಪ್ಪತ್ಮೂರು ಅಂದಿರಬಹುದು. ಪ್ರಾಣಿಗಳ ಎಣಿಕೆಯೂ ತಪ್ಪೇ. ಇಂಥ ಯಂತ್ರದ ಮಾತನ್ನ ನಂಬಿಕೊಂಡು ನಾನು ವರದಿ ಬರೆಯೋಕೆ ಆಗಲ್ಲ, ವಸುಧಾ" ಎಂದರು. ಡ್ರೈವರ್ ಪಾನಾ ತಂದು ಕಂಬದ ಬುಡದ ಮೊದಲ ನಟ್ಟು ಸಡಿಲಿಸತೊಡಗಿದ. ಆ ಕಿರ್ ಕಿರ್ ಸದ್ದು ನನ್ನ ಹಲ್ಲಿನ ಬುಡದಲ್ಲಿ ಕೇಳಿಸಿತು.

ಅಷ್ಟರಲ್ಲಿ ಜೋಳದ ನಡುವಿನ ಕಾಲುದಾರಿಯಲ್ಲಿ ನೀಲವ್ವಾಯಿ ಬರುತ್ತಿರುವುದು ಕಂಡಿತು. ಮದುವೆ ಮುಂಜಿಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು, ತಲೆಯ ಮೇಲೆ ಸೆರಗು, ಹಣೆಗೆ ವಿಭೂತಿ, ಬಗಲಲ್ಲಿ ಉಬ್ಬಿದ ಬಟ್ಟೆಯ ಚೀಲ. ಹಿಂದೆ ಮಲ್ಲಪ್ಪ, ಮಲ್ಲಪ್ಪನ ಹಿಂದೆ ಅಳುಮೋರೆಯ ಸೊಸೆ. ಯಾವುದೋ ಊರಿಗೆ ಹೊರಟಿರಬೇಕು ಎಂದುಕೊಂಡೆ. ಅವಳು ನನ್ನ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಸಾಹೇಬರ ಮುಂದೆ ಬಂದು ನಿಂತಳು.

"ಯಾವ ಗಾಡ್ಯಾಗ ಕುಂಡರಲಿರಿ? ಇದರಾಗ ಏನು?" ಎಂದು ಜೀಪು ತೋರಿಸಿದಳು.

ಸಾಹೇಬರಿಗೆ ಅರ್ಥವಾಗಲಿಲ್ಲ. "ಎಲ್ಲಿಗೆ ಹೋಗಬೇಕಮ್ಮ?"

"ಅದು ನಿಮಗ ಗೊತ್ತರಿ. ಠಾಣೆಕ್ಕೋ, ಜೇಲಿಗೋ. ಇದಕ್ಕ ಕೈ ಹಚ್ಚಿದಾಕಿ ನಾನ. ಊರವರಿಗೆ ಯಾರಿಗೂ ಏನೂ ಅನಬ್ಯಾಡ್ರಿ. ಈ ಹುಡುಗ ಮೆಹಬೂಬಗ ಮೊದಲ ಅನಬ್ಯಾಡ್ರಿ, ಅಂವ ಅವತ್ತ ಇಲ್ಲಿ ಇದ್ದಿದ್ದಿಲ್ಲ." ಹೀಗೆಂದು ಚೀಲವನ್ನು ನೆಲಕ್ಕಿಟ್ಟಳು. "ಎರಡು ಸೀರಿ ಇಟಗೊಂಡೇನಿ, ಎಂಟು ದಿನಕ್ಕ ರೊಟ್ಟಿ ಅದಾವ, ನೀರು ಕುಡ್ಯಾಕ ತಂಬಿಗಿ ಐತಿ. ನಿಮಗ ಏನೂ ತ್ರಾಸು ಕೊಡೂದಿಲ್ಲ."

ಜೈಲಿಗೆ ಹೋಗಲು, ಎಷ್ಟು ದಿನವಿಟ್ಟರೂ ಕೆಡದ ಒಣ ಕಟಕ ರೊಟ್ಟಿ ಕಟ್ಟಿಕೊಂಡು ಬಂದಿದ್ದಳು! ಡ್ರೈವರ್ ಪಾನಾ ಬಿಟ್ಟು ನಿಂತ. ಮಲ್ಲಪ್ಪ ನನ್ನ ಹತ್ತಿರ ಬಂದು, "ಮೂರು ದಿನ ಆತು, ಹನಿ ಗಂಜಿ ಬಿಟ್ಟರ ಏನೂ ಉಂಡಿಲ್ಲೋ. ಪೊಲೀಸ್ರು ಬರ್ತಾರಂತ ಬಾಗಲ ಕಡೇನ ನೋಡಕೋತ ಕುಂತಾಳ" ಎಂದು ಪಿಸುಗುಟ್ಟಿದ. ಅವಳು ಕಳಿಸಿದ ನಾಲ್ಕು ಖಾನೆಯ ಡಬ್ಬಿ ನಾನು ಉಂಡು ಮುಗಿಸಿದ್ದೆ, ಅವಳು ನನ್ನ ಸುಳ್ಳಿಗೆ ಹೆದರಿ ಊಟ ಬಿಟ್ಟು ಕೂತಿದ್ದಳು. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಎಂದೂ ಆಗಿರಲಿಲ್ಲ.

ಸಾಹೇಬರು ಟೊಪ್ಪಿಗೆ ತೆಗೆದರು. "ಏನು ಮಾಡಿದ್ರಿ ಅಮ್ಮ, ಹೇಳಿ" ಎಂದು ಮೆತ್ತಗೆ ಕೇಳಿದರು.

"ಚರಗ ಚೆಲ್ಲಕೋತ ಬಂದ್ನಿರಿ. ಇದು ಬಿಸಲಾಗ ನಿಂತು ಬಾಯಿ ತಕ್ಕೊಂಡಿತ್ತು. ನನ್ನ ಹೊಲದ ಬದುವಿಗೆ ನಿಂತದ್ದು, ನಮ್ಮಂಗ ಹಗಲೂ ರಾತ್ರಿ ಹೊಲ ಕಾಯ್ತೈತಿ. ಅವತ್ತ ಇರಿವಿಗೂ ಹಾಕತೇವಿ, ಹಕ್ಕಿಗೂ ಹಾಕತೇವಿ, ಇದನ್ನೊಂದ ಉಪಾಸ ಕೆಡವಿ ಹೆಂಗ ಹೋಗ್ಲಿ? ಬುಡಕ್ಕ ಕಡಬು ಇಟ್ನಿ. ಉಂಡ ಮ್ಯಾಲೆ ಕುಡ್ಯಾಕ ಬೇಕಲ್ಲ ಅಂತ ಬಾಯಾಗ ನೀರ ಮಜ್ಜಿಗಿ ಹಾಕಿದ್ನಿ."

"ಎಷ್ಟು ಹಾಕಿದ್ರಿ?"

"ಒಂದ ತಂಬಿಗಿ ತುಂಬ. ಅರ್ಧ ಹಾಕಿ ಕೈ ಹಿಡಿಯೋ ಪೈಕಿ ಅಲ್ಲರಿ ನಾವು."

ಸಾಹೇಬರ ಕಣ್ಣು ಚೀಲದ ಕಡೆ ಹೋಯಿತು. "ಯಾವ ತಂಬಿಗೆ? ಇದೇನಾ?"

"ಇದ ರಿ. ಮನ್ಯಾಗ ಕುಡ್ಯಾಕ ಇರೋದು ಇದೊಂದ."

ಅವರು ಎರಡೂ ಕೈ ಚಾಚಿ ಹಿತ್ತಾಳೆಯ ಆ ತಂಬಿಗೆಯನ್ನು ಇಸಿದುಕೊಂಡರು. ಜೀಪಿನಿಂದ ನೀರಿನ ಕ್ಯಾನು ತರಿಸಿ, ಕಂಠದವರೆಗೆ ತುಂಬಿ, "ವಸುಧಾ, ಲ್ಯಾಪ್‌ಟಾಪು ಜೋಡಿಸಿ" ಎಂದರು. ಮೇಡಂ ಓಡಿದರು. ಸಾಹೇಬರು ತಂಬಿಗೆಯನ್ನು ಬಗ್ಗಿಸಿ ಡಬ್ಬಿಯ ಬಾಯಿಗೆ ಸಣ್ಣ ಧಾರೆಯಲ್ಲಿ ನೀರು ಬಿಡತೊಡಗಿದರು. ಒಳಗಿನ ಸಣ್ಣ ತೊಟ್ಟಿ ತುಂಬಿದಾಗಲೆಲ್ಲ ಮಗುಚಿ ಟಿಕ್ ಎನ್ನುತ್ತಿತ್ತು. ಟಿಕ್, ಟಿಕ್, ಟಿಕ್. ನಾವೆಲ್ಲ ಎಣಿಸುತ್ತ ನಿಂತಿದ್ದೆವು. ನೀಲವ್ವಾಯಿ ಮಾತ್ರ, "ಈಗ ನೀವೂ ಹಾಕಾಕತ್ತೀರಲ್ಲರಿ, ನಿಮ್ಮನ್ನೂ ಒಯ್ತಾರೇನು ಮತ್ತ?" ಎಂದು ಕೇಳಿದಳು.

ಕೊನೆಯ ಹನಿ ಬಿತ್ತು. ಮೇಡಂ ಪರದೆಯಿಂದ ತಲೆ ಎತ್ತಿದರು. "ಸರ್, ಇಪ್ಪತ್ನಾಲ್ಕು."

ಆವತ್ತು ಇಪ್ಪತ್ಮೂರು, ಈಗ ಇಪ್ಪತ್ನಾಲ್ಕು. ಸಾಹೇಬರು ತಂಬಿಗೆಯನ್ನು ನೀಲವ್ವಾಯಿಯ ಕೈಗೆ ಕೊಟ್ಟರು. ಆಮೇಲೆ ಮೊದಲ ಸಲ ನಕ್ಕರು. "ಯಂತ್ರ ಸರಿ ಇದೆ. ಒಂದು ಮಿಲಿಮೀಟರು ಎಲ್ಲಿ ಹೋಯಿತೋ ಗೊತ್ತಿಲ್ಲ ಅಷ್ಟೆ."

"ಬೆಣ್ಣಿ ತೇಲತಿತ್ತರಿ, ಅದು ಮ್ಯಾಲ ಹತ್ತಿ ನಿಂತಿರಬೇಕು" ಎಂದಳು ನೀಲವ್ವಾಯಿ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೂರಾ ಹತ್ತು ಪ್ರಾಣಿಗಳ ಲೆಕ್ಕವೂ ಅಲ್ಲೇ ಬಗೆಹರಿಯಿತು. ಅವಳ ಮೊಮ್ಮಕ್ಕಳೂ ಅಕ್ಕಪಕ್ಕದ ಹೊಲದ ಮಕ್ಕಳೂ ಚರಗ ನಡೆಯುತ್ತಿರುವಾಗಲೇ ಆ ಗಿಡ್ಡ ಕಂಬವನ್ನೇ ಮುಟ್ಟುವ ಗುರುತು ಮಾಡಿಕೊಂಡು ಓಡಾಟದ ಆಟ ಆಡಿದ್ದರಂತೆ. ಸೊಸೆ ಅಳು ಬಿಟ್ಟು, "ನಮ್ಮ ಸಣ್ಣಾವನ ಮೂವತ್ತು ಸಲ ಓಡ್ಯಾನ ನೋಡ್ರಿ" ಎಂದಳು. "ಹಾಗಾದರೆ ಅದೂ ಸರಿಯಾಗೇ ಎಣಿಸಿದೆ" ಎಂದರು ಸಾಹೇಬರು. ಡ್ರೈವರನ ಕಡೆ ತಿರುಗಿ, "ಆ ನಟ್ಟು ಬಿಗಿ ಮಾಡಪ್ಪ" ಎಂದರು. ಮೇಡಂ ನೀಲವ್ವಾಯಿಯ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಜೈಲಿಗೆಂದು ಕಟ್ಟಿದ್ದ ರೊಟ್ಟಿಯನ್ನು ಬೇವಿನ ಗಿಡದ ಕೆಳಗೆ ಬಿಚ್ಚಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ ಹಚ್ಚಿಕೊಂಡು ಎಲ್ಲರೂ ತಿಂದೆವು. ಎಲ್ಲರಿಗಿಂತ ಹೆಚ್ಚು ತಿಂದವಳು ನೀಲವ್ವಾಯಿ. ಮೂರು ದಿನದ್ದು ಬಾಕಿಯಿತ್ತಲ್ಲ!

ಜೀಪು ಹೋದ ಮೇಲೆ ನಾನು ಅವಳ ಕಾಲ ಬಳಿ ಕೂತೆ. "ಆಯಿ, ಪೊಲೀಸ್ರ ಸುದ್ದಿ ಸುಳ್ಳ. ಯಾರೂ ಬರ್ತಿದ್ದಿಲ್ಲ. ಮಷಿನ್ ಮುಟ್ಟಬಾರದು ಅಂತ ನಾನ ಹುಟ್ಟಿಸಿ ಹೇಳಿದ್ದೆ" ಎಂದೆ. ಬೈಯುತ್ತಾಳೆ, ಕಿವಿ ಹಿಂಡುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ.

"ಹಂಗಾರ ಅದು ಖರೇ ಏನು ಮಾಡತೈತಿ?" ಎಂದು ಕೇಳಿದಳು.

"ಮಳಿ ಎಷ್ಟು ಬಿತ್ತು ಅಂತ ಅಳತಿ ಮಾಡತೈತಿ. ಚಿಗರಿ ಎಷ್ಟು ಬಂದ್ವು ಅಂತ ಎಣಸ್ತೈತಿ."

ಅವಳು ಎದ್ದು ಹೋಗಿ ಕಂಬದ ಡಬ್ಬಿಯೊಳಗೆ ಇಣುಕಿದಳು. ಆಮೇಲೆ, "ಇಷ್ಟ ಏನೋ? ಮಳಿ ಅಳಿಯೋದು ಅಂತ ಒಂದ ಮಾತು ಹೇಳಿದ್ದರ, ಹನಿ ನೀರು ಸೋಕಿಸ್ತಿದ್ದಿಲ್ಲಲ್ಲೋ. ಹುಟ್ಟಿದಾಗಿಂದ ಮಳಿ ಎಷ್ಟು ಬಿತ್ತು ಅಂತ ನೋಡಕೋತ ಬದಕಿದಾಕಿ ನಾನು. ನನಗ ತಿಳಿತಿದ್ದಿಲ್ಲೇನು?" ಎಂದಳು.

ವಾರ ವಾರ ಅವಳ ರೊಟ್ಟಿ ತಿಂದಿದ್ದೆ, ಅವಳ ಹೊಲದ ಬದುವಿನಲ್ಲಿ ಕೂತಿದ್ದೆ. ಅದು ಏನು ಮಾಡುತ್ತದೆ ಎಂದು ಒಂದು ದಿನವೂ ಅವಳಿಗೆ ಹೇಳಬೇಕೆನಿಸಿರಲಿಲ್ಲ. ಹೇಳಿದರೆ ಅವಳಿಗೆ ತಿಳಿಯುವುದಿಲ್ಲ ಎಂದು ನಾನು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಮಳೆಯ ವಿಷಯ, ಅದೂ ಇಂಗಳೇಶ್ವರದ ಒಕ್ಕಲಗಿತ್ತಿಗೆ ತಿಳಿಯುವುದಿಲ್ಲವೆಂದು!

ಮರುದಿನವೇ ಹೋಗಿ ಎಲ್ಲ ಹೊಲದವರನ್ನೂ ಮತ್ತೆ ಕೂಡಿಸಿದೆ. ಈ ಸಲ ಪೆಟ್ಟಿಗೆಯ ಬಾಗಿಲು ತೆರೆದು, ತೊಟ್ಟಿ ಮಗುಚುವುದನ್ನು ಒಬ್ಬೊಬ್ಬರಿಗೂ ತೋರಿಸಿದೆ. ಆ ಕಂಬಗಳು ಅಲ್ಲಿ ಇದ್ದಷ್ಟು ವರ್ಷ ಮತ್ತೆ ಒಂದು ಸಲವೂ ಸುಳ್ಳು ಮಳೆ ಬೀಳಲಿಲ್ಲ. ಮಳೆ ಬಂದ ದಿನ ಮಾತ್ರ ಬೆಂಗಳೂರಿನಿಂದ ಮೇಡಂ ಫೋನು ಬರುವ ಮೊದಲೇ ನೀಲವ್ವಾಯಿಯ ಫೋನು ಬರುತ್ತಿತ್ತು: "ಮೆಹಬೂಬಾ, ಎಷ್ಟು ಅಂತೈತೋ ನಮ್ಮ ಮಷಿನ್?" ಪ್ರತಿಸಲವೂ ಅವಳು ನನಗಿಂತ ಮೊದಲು ಒಂದು ಅಂದಾಜು ಹೇಳುತ್ತಿದ್ದಳು. ಹೆಚ್ಚು ಕಡಿಮೆ ಆಗುತ್ತಿದ್ದದ್ದು ಬಹಳ ಅಂದರೆ ಒಂದೆರಡು ಮಿಲಿಮೀಟರು.